ಸ್ಪಾರ್ಟಾಕ್ಕೆ ಮುಖ, ಪರ್ಷಿಯಾಕ್ಕೆ ಮುಖವಾಡ

2007ರ ಫೆಬ್ರವರಿ 14ರಂದು ಬರ್ಲಿನ್ ಚಿತ್ರೋತ್ಸವದಲ್ಲಿ ‘300’ ಸಿನಿಮಾವನ್ನು ಮೊದಲು ಪತ್ರಕರ್ತರಿಗೆ ತೋರಿಸಿದರು. ನಡುವೆಯೇ ಹಲವರು ಎದ್ದು ಹೊರನಡೆದರು. ಉಳಿದವರಲ್ಲಿ ಕೆಲವರು ಕೊನೆಗೆ ಕೂಗಿ ಲೇವಡಿ ಮಾಡಿದರು. ಕೆಲವು ಗಂಟೆ ಕಳೆದ ಮೇಲೆ ಅದೇ ಸಿನಿಮಾ ಸಾಮಾನ್ಯ ಪ್ರೇಕ್ಷಕರ ಮುಂದೆ ಬಂತು. ಸುಮಾರು 1,700 ಜನರಿದ್ದ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಕ್ರಿ.ಪೂ. 480ರಲ್ಲಿ ಗ್ರೀಸಿನ ಥರ್ಮೋಪಿಲೆ ಎಂಬ ಇಕ್ಕಟ್ಟಿನ ದಾರಿಯಲ್ಲಿ ಸ್ಪಾರ್ಟಾದ ರಾಜ ಲಿಯೊನಿಡಾಸ್ ಮುನ್ನೂರು ಯೋಧರನ್ನು ಕಟ್ಟಿಕೊಂಡು ಪರ್ಷಿಯಾದ, ಅಂದರೆ ಇಂದಿನ ಇರಾನಿನ, ಚಕ್ರವರ್ತಿ ಕ್ಸೆರ್ಕ್ಸೀಸ್‌ನ ದೊಡ್ಡ ಸೇನೆಯನ್ನು ತಡೆದು ಸತ್ತ ಕತೆ ಅದು.

ಮಾರ್ಚ್ 9ಕ್ಕೆ ಅಮೆರಿಕದಲ್ಲಿ ಬಿಡುಗಡೆಯಾಯಿತು. ಮೊದಲ ವಾರಾಂತ್ಯದಲ್ಲೇ 7 ಕೋಟಿ ಡಾಲರ್ ಬಂತು. ಖರ್ಚಾಗಿದ್ದು ಸುಮಾರು 6.5 ಕೋಟಿ. ಆಗ ದೊಡ್ಡ ಸ್ಟಾರ್ ಅನ್ನಿಸಿಕೊಂಡವರು ಯಾರೂ ಅದರಲ್ಲಿ ಇರಲಿಲ್ಲ. ಬೇಸಿಗೆ ರಜೆಯೂ ಶುರುವಾಗಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವ ಸಿನಿಮಾವಂತೂ ಅಲ್ಲವೇ ಅಲ್ಲ. ಆದರೂ ಜಗತ್ತಿನಾದ್ಯಂತ ಗಳಿಕೆ 45 ಕೋಟಿ ಡಾಲರ್ ದಾಟಿತು. ವಿಮರ್ಶಕರಲ್ಲಿ ಹಲವರು ಇದು ದಡ್ಡ ಸಿನಿಮಾ ಎಂದರು. ಗ್ರೀಸಿನಲ್ಲಿ ಜನ ಮುಗಿಬಿದ್ದು ನೋಡಿದರು. ಇರಾನಿನಲ್ಲಿ ಸರ್ಕಾರಕ್ಕೆ ಸಿಟ್ಟು ಬಂತು. ಸರ್ಕಾರವನ್ನು ಕಂಡರಾಗದವರಿಗೂ ಅಷ್ಟೇ ಸಿಟ್ಟು ಬಂತು.

ಇಷ್ಟು ಹಳೆಯ ಜಗಳ ಈಗ್ಯಾಕೆ? ಯಾಕೆಂದರೆ ಅದು ಮುಗಿದೇ ಇಲ್ಲ. ಗ್ರೀಕ್ ಕವಿ ಹೋಮರನ ಮಹಾಕಾವ್ಯ ಆಧರಿಸಿದ ಕ್ರಿಸ್ಟೋಫರ್ ನೋಲನ್ ಅವರ ಸಿನಿಮಾ ‘ದಿ ಒಡಿಸ್ಸಿ’ಯ ಮೊದಲ ಫೋಟೊ 2025ರ ಫೆಬ್ರವರಿಯಲ್ಲಿ ಹೊರಬಂತು. ಮ್ಯಾಟ್ ಡೇಮನ್ ತಲೆಯ ಮೇಲಿನ ಶಿರಸ್ತ್ರಾಣ ನೋಡಿದ್ದೇ ತಡ, ಇದು ಯಾವ ಕಾಲದ್ದು ಎಂಬ ಜಗಳ ಶುರು. ಕಂಚಿನ ಯುಗದ ವೀರನಿಗೆ ನೂರಾರು ವರ್ಷ ಆಮೇಲಿನ ಶಿರಸ್ತ್ರಾಣ ಯಾಕೆ, ಕಾಡುಹಂದಿ ಕೋರೆಯದ್ದು ಎಲ್ಲಿ ಎಂದು ಒಬ್ಬರು. ಅದು ಕಟ್ಟುಕತೆ ಕಣ್ರೀ, ಸುಮ್ನೆ ನೋಡಿ ಎಂದು ಇನ್ನೊಬ್ಬರು. ‘300’ ಬಂದಾಗಲೂ ಇದೇ ಎರಡು ಗುಂಪು ಇದ್ದವು. ನನಗೆ ಎರಡೂ ಗುಂಪು ಅಸಲಿ ವಿಷಯವನ್ನು ಬಿಟ್ಟು ಪಕ್ಕದ್ದನ್ನು ನೋಡುತ್ತಿವೆ ಅನ್ನಿಸುತ್ತದೆ.

ಮೊದಲು ಮೆಚ್ಚಿದವರ ಕಡೆಯಿಂದ ನೋಡೋಣ. ಅವರನ್ನು ದಡ್ಡರು ಎಂದು ಬದಿಗೆ ತಳ್ಳುವುದು ಸುಲಭ, ಆದರೆ ಅದು ನ್ಯಾಯವಲ್ಲ.

ಫ್ರಾಂಕ್ ಮಿಲ್ಲರ್ 1998ರಲ್ಲಿ ಬರೆದು ಚಿತ್ರಿಸಿದ ಕಾಮಿಕ್ಸ್ ಈ ಸಿನಿಮಾದ ಮೂಲ. ಬಣ್ಣ ತುಂಬಿದವರು ಲಿನ್ ವಾರ್ಲಿ. ನಿರ್ದೇಶಕ ಝಾಕ್ ಸ್ನೈಡರ್ ಆ ಪುಟಗಳನ್ನೇ ಚಲಿಸುವಂತೆ ಮಾಡಲು ಹೊರಟರು. ಹಾಗಾಗಿ ಗ್ರೀಸಿಗೆ ಹೋಗಲೇ ಇಲ್ಲ. ಕೆನಡಾದ ಮಾಂಟ್ರಿಯಲ್‌ನ ಸ್ಟುಡಿಯೊದಲ್ಲಿ ನೀಲಿ ಪರದೆಯ ಮುಂದೆ ನಟರನ್ನು ನಿಲ್ಲಿಸಿದರು. ಆಕಾಶ, ಬೆಟ್ಟ, ಸಮುದ್ರ ಎಲ್ಲ ಆಮೇಲೆ ಕಂಪ್ಯೂಟರಿನಲ್ಲಿ ಬಂದವು. ನೆರಳನ್ನು ಇನ್ನಷ್ಟು ಕಪ್ಪು ಮಾಡಿ, ಬಣ್ಣಗಳನ್ನು ಹಿಂಡಿ ತೆಗೆದು, ತಾಮ್ರ, ಬೂದಿ, ಕೆಂಪು ಇಷ್ಟೇ ಉಳಿಸಿದರು. ರಕ್ತವೂ ರಕ್ತದ ಹಾಗಿಲ್ಲ, ಮಸಿ ಚೆಲ್ಲಿದ ಹಾಗೆ ಹಾರುತ್ತದೆ.

ಹೊಡೆದಾಟವನ್ನು ಚಿತ್ರೀಕರಿಸಿದ ರೀತಿ ಇದಕ್ಕಿಂತ ಮುಖ್ಯ. ಆಗಿನ ಹಾಲಿವುಡ್ ಆಕ್ಷನ್‌ನಲ್ಲಿ ಕ್ಯಾಮೆರಾ ಅಲುಗಾಡಿಸುವುದೇ ಫ್ಯಾಷನ್. ಯಾರು ಯಾರಿಗೆ ಹೊಡೆದರು ಎಂದು ತಿಳಿಯುವಷ್ಟರಲ್ಲಿ ಶಾಟ್ ಮುಗಿದಿರುತ್ತಿತ್ತು. ಸ್ನೈಡರ್ ಮತ್ತು ಛಾಯಾಗ್ರಾಹಕ ಲ್ಯಾರಿ ಫಾಂಗ್ ಇದಕ್ಕೆ ತದ್ವಿರುದ್ಧ ಹೋದರು. ಲಿಯೊನಿಡಾಸ್ ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊಡೆಯುತ್ತ ಸಾಗುವ ಉದ್ದನೆಯ ಶಾಟ್ ನೆನಪಿದೆಯಲ್ಲ? ಬೇರೆ ಬೇರೆ ಲೆನ್ಸ್ ಹಾಕಿದ ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿ ಅದನ್ನು ತೆಗೆದರು. ವೇಗ ಹೆಚ್ಚುತ್ತದೆ, ಥಟ್ಟನೆ ನಿಧಾನವಾಗುತ್ತದೆ, ಮತ್ತೆ ಹೆಚ್ಚುತ್ತದೆ. ಪ್ರತಿ ಏಟೂ ಕಾಣುತ್ತದೆ. ಆಮೇಲೆ ಇದೇ ಸ್ಲೋ-ಫಾಸ್ಟ್ ಆಟವನ್ನು ಎಷ್ಟು ಭಾಷೆಯ ಸಿನಿಮಾಗಳು ಅಳವಡಿಸಿಕೊಂಡವೋ ಲೆಕ್ಕವಿಲ್ಲ. ನಮ್ಮ ಭಾಷೆಯೂ ಹೊರತಲ್ಲ. ಥಿಯೇಟರಿನಲ್ಲಿ ಶಿಳ್ಳೆ ಬಿದ್ದದ್ದು ಈ ಕಸುಬಿಗೆ. ಗುರಾಣಿಗೆ ಗುರಾಣಿ ಒತ್ತಿ ಇಡೀ ಸಾಲು ಒಂದೇ ದೇಹದಂತೆ ತಳ್ಳುವ ಮೊದಲ ಕಾಳಗ ನನಗೂ ತುಂಬ ಇಷ್ಟ. ಗ್ರೀಕ್ ಕಾಲಾಳುಗಳು ನಿಜವಾಗಿ ಕಾದುತ್ತಿದ್ದ ಬಗೆಗೆ ಸಿನಿಮಾ ಹತ್ತಿರ ಬರುವುದೂ ಅಲ್ಲೇ. ಎರಡೇ ನಿಮಿಷ. ಆಮೇಲೆ ಎಲ್ಲರೂ ಸಾಲು ಬಿಟ್ಟು ಒಬ್ಬೊಬ್ಬರೇ ಕುಣಿಯುತ್ತಾರೆ. ನಿಜದ ಯುದ್ಧದಲ್ಲಿ ಹಾಗೆ ಸಾಲು ಬಿಟ್ಟವನು ಪಕ್ಕದವನನ್ನೂ ಕೊಂದಂತೆಯೇ. ಅವನ ಗುರಾಣಿಯ ಅರ್ಧ ಪಕ್ಕದವನಿಗೆ ಸೇರಿದ್ದು.

ಇನ್ನು ಬರೀ ಮೈ, ಚಡ್ಡಿ, ಕೆಂಪು ಹೊದಿಕೆ. ಕಂಚಿನ ಎದೆಗವಚ ಎಲ್ಲಿ ಎಂದು ಕೇಳಿದವರಿಗೆ ಅಭಿಮಾನಿಗಳ ಬಳಿ ಒಳ್ಳೆಯ ಉತ್ತರವೇ ಇದೆ. ಗ್ರೀಕರು ತಮ್ಮ ಹೂಜಿಗಳ ಮೇಲೆ, ಶಿಲ್ಪಗಳಲ್ಲಿ ವೀರರನ್ನು ಬೆತ್ತಲೆಯಾಗಿಯೇ ತೋರಿಸುತ್ತಿದ್ದರು. ಕಲೆಯ ರೂಢಿ ಅದು. ಒಪ್ಪೋಣ. ಆದರೆ ಅದೇ ಹೂಜಿಗಳ ಮೇಲೆ ಪರ್ಷಿಯನ್ನರೂ ಇದ್ದಾರೆ. ಕಸೂತಿಯ ಅಂಗಿ, ಪೈಜಾಮ ತೊಟ್ಟಿದ್ದಾರೆ. ಸೋಲುತ್ತಿದ್ದಾರೆ, ಬೀಳುತ್ತಿದ್ದಾರೆ, ಆದರೆ ಮನುಷ್ಯರಾಗಿಯೇ ಇದ್ದಾರೆ.

ಸಿನಿಮಾದಲ್ಲಿ? ‘ಅಮರರು’ ಎಂಬ ಪಡೆಗೆ ಲೋಹದ ಮುಖವಾಡ. ಮುಖವಾಡ ಬಿದ್ದರೆ ಒಳಗೆ ಮನುಷ್ಯನ ಮುಖವೇ ಇಲ್ಲ, ರಾಕ್ಷಸನದ್ದು. ಆ ಕಾಲದ ಪರ್ಷಿಯನ್ ಕಾವಲುಗಾರರನ್ನು ಅವರದೇ ಕಲಾವಿದರು ಹೇಗೆ ತೋರಿಸಿದ್ದರು ಎಂಬುದಕ್ಕೆ ಸಾಕ್ಷಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಸೂಸಾ ಅರಮನೆಯಿಂದ ತಂದ ಬಣ್ಣದ ಇಟ್ಟಿಗೆಯ ಗೋಡೆ ಅದು. ಗುಂಗುರು ಗಡ್ಡ, ಹೂಬಳ್ಳಿಯ ನಿಲುವಂಗಿ, ಕೈಯಲ್ಲಿ ನೆಟ್ಟಗೆ ಹಿಡಿದ ಈಟಿ. ಶಾಂತವಾಗಿ ನಿಂತಿದ್ದಾರೆ. ಪರ್ಷಿಯಾದ ರಾಜಧಾನಿಯಾಗಿದ್ದ ಪರ್ಸೆಪೊಲಿಸ್‌ನ ಉಬ್ಬುಶಿಲ್ಪಗಳಲ್ಲಿ ಚಕ್ರವರ್ತಿಗೂ ಉದ್ದ ಗಡ್ಡ, ಮೈತುಂಬ ಬಟ್ಟೆ. ಸಿನಿಮಾದ ಕ್ಸೆರ್ಕ್ಸೀಸ್‌ಗೆ ನುಣ್ಣಗೆ ಬೋಳಿಸಿದ ತಲೆ, ಮುಖದ ತುಂಬ ಚುಚ್ಚಿದ ಚಿನ್ನ, ಕಂಪ್ಯೂಟರಿನಲ್ಲಿ ಹಿಗ್ಗಿಸಿದ ಎತ್ತರ. ನಟ ಬ್ರೆಜಿಲ್‌ನ ರೊಡ್ರಿಗೊ ಸ್ಯಾಂಟೊರೊ.

ಇರಾನಿಯನ್ನರ ಸಿಟ್ಟು ಅರ್ಥವಾಗಬೇಕಾದರೆ ಆ ತಿಂಗಳು ಏನು ನಡೆಯುತ್ತಿತ್ತು ಎಂಬುದು ನೆನಪಾಗಬೇಕು. ಪಕ್ಕದ ಇರಾಕಿನಲ್ಲಿ ಅಮೆರಿಕದ ಸೇನೆ ಕೂತಿತ್ತು. ಅಣು ಕಾರ್ಯಕ್ರಮದ ಕಾರಣಕ್ಕೆ ಭದ್ರತಾ ಮಂಡಳಿ 2006ರ ಡಿಸೆಂಬರಿನಲ್ಲಿ ಇರಾನಿನ ಮೇಲೆ ನಿರ್ಬಂಧ ಹಾಕಿತ್ತು. 2007ರ ಮಾರ್ಚ್ 24ರಂದು ಅದನ್ನು ಇನ್ನಷ್ಟು ಬಿಗಿಗೊಳಿಸಿತು. ನಡುವೆ ನವ್‌ರೋಜ್, ಅವರ ಹೊಸ ವರ್ಷ. ಸರಿಯಾಗಿ ಆ ಹೊತ್ತಿಗೆ ಈ ಸಿನಿಮಾ. ಟೆಹ್ರಾನಿನ ಒಂದು ಪತ್ರಿಕೆ, ಹಾಲಿವುಡ್ ಇರಾನಿಯನ್ನರ ಮೇಲೆ ಯುದ್ಧ ಸಾರಿದೆ ಎಂದು ತಲೆಬರಹ ಕೊಟ್ಟಿತು. ಅಧ್ಯಕ್ಷ ಅಹ್ಮದಿನೆಜಾದ್ ಅವರ ಸಾಂಸ್ಕೃತಿಕ ಸಲಹೆಗಾರರು ಇದನ್ನು ಮಾನಸಿಕ ಯುದ್ಧ ಎಂದರು. ಯುನೆಸ್ಕೊಗೆ ದೂರು ಹೋಯಿತು. ಥಿಯೇಟರಿಗೆ ಬಾರದ ಸಿನಿಮಾ ಟೆಹ್ರಾನಿನ ಬೀದಿಗಳಲ್ಲಿ ನಕಲಿ ಡಿವಿಡಿಯಾಗಿ ಓಡಾಡಿತು.

ಇದರಲ್ಲಿ ಒಂದು ತಮಾಷೆಯೂ ಇದೆ. ಇಸ್ಲಾಮಿಗಿಂತ ಹಿಂದಿನ ರಾಜಮಹಾರಾಜರ ವೈಭವದ ಬಗ್ಗೆ ಆ ಸರ್ಕಾರಕ್ಕೆ ಅಂಥ ಒಲವು ಇರಲಿಲ್ಲ. ಆ ವೈಭವವನ್ನು ಎದೆಗೊತ್ತಿಕೊಂಡಿದ್ದವರು ಹೆಚ್ಚಾಗಿ ದೇಶ ಬಿಟ್ಟು ಲಾಸ್ ಏಂಜಲೀಸ್‌ನಂಥ ಊರು ಸೇರಿದ್ದವರು. ಒಬ್ಬರನ್ನೊಬ್ಬರು ಕಂಡರಾಗದ ಇವರನ್ನು ಒಂದೇ ಕಡೆ ನಿಲ್ಲಿಸಿದ್ದು ಒಂದು ಅಮೆರಿಕನ್ ಕಾಮಿಕ್ಸ್ ಸಿನಿಮಾ.

ಅಮೆರಿಕದ ಪತ್ರಕರ್ತರೂ ರಾಜಕೀಯ ಹುಡುಕಿದರು. ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಇಲ್ಲಿ ಲಿಯೊನಿಡಾಸೋ ಕ್ಸೆರ್ಕ್ಸೀಸೋ ಎಂದು ಸ್ನೈಡರ್ ಅವರನ್ನೇ ಕೇಳಿದರು. ಸ್ವಲ್ಪ ಯೋಚಿಸಿದರೆ ಎರಡೂ ಹೊಂದುತ್ತದೆ. ಸ್ವಾತಂತ್ರ್ಯದ ಹೆಸರಿನಲ್ಲಿ ಕಾನೂನು ಮೀರಿ ಯುದ್ಧಕ್ಕೆ ಹೋಗುವ ನಾಯಕ ಒಬ್ಬ. ದೊಡ್ಡ ಸೇನೆ ಕಟ್ಟಿಕೊಂಡು ದೂರದ ಚಿಕ್ಕ ನಾಡಿನ ಮೇಲೆ ಬೀಳುವ ಸಾಮ್ರಾಟ ಇನ್ನೊಬ್ಬ. ಕಾಮಿಕ್ಸ್ ಬಂದದ್ದು 1998ರಲ್ಲಿ, ಆಗ ಇರಾಕ್ ಯುದ್ಧವೇ ಇರಲಿಲ್ಲ. ಹಾಗಾಗಿ ಇದನ್ನು ಬುಷ್ ಸರ್ಕಾರದ ಪ್ರಚಾರ ಚಿತ್ರ ಎಂದದ್ದು ಜಾಸ್ತಿಯಾಯಿತು. ಆದರೆ ‘ಇದರಲ್ಲಿ ರಾಜಕೀಯವೇ ಇಲ್ಲ’ ಎಂಬ ಮಾತೂ ನಿಲ್ಲುವುದಿಲ್ಲ.

ಸ್ನೈಡರ್ ಅವರ ಸಮರ್ಥನೆ ಎರಡು ಬಗೆಯದ್ದು. ಘಟನೆಗಳು 90 ಪಾಲು ನಿಜ, ತೋರಿಸಿದ ರೀತಿ ಮಾತ್ರ ವಿಪರೀತ ಎಂದರು. ಕತೆ ಹೇಳುತ್ತಿರುವವನು ಡಿಲಿಯೊಸ್ ಎಂಬ ಸ್ಪಾರ್ಟಾದ ಸೈನಿಕ, ತನ್ನವರನ್ನು ಹುರಿದುಂಬಿಸಲು ಉಪ್ಪುಖಾರ ಹಚ್ಚಿ ಹೇಳುತ್ತಾನೆ ಎಂದೂ ಹೇಳಿದರು. ಈ ಎರಡನೆಯ ಮಾತು ಜಾಣತನದ್ದು. ಆನೆ ಬೆಟ್ಟದಷ್ಟು ದೊಡ್ಡದಾಗಿದ್ದರೆ ಅದು ಡಿಲಿಯೊಸ್‌ನ ಉತ್ಪ್ರೇಕ್ಷೆ, ಅಲ್ವಾ? ಆದರೆ ಇವನ ಮಾತು ನಂಬಬೇಡಿ ಎಂದು ಸಿನಿಮಾ ಎಲ್ಲಿಯೂ ಕಣ್ಣು ಮಿಟುಕಿಸುವುದಿಲ್ಲ. ಕೊನೆಯಲ್ಲಿ ಅವನೇ ಸೇನೆ ಕಟ್ಟಿಕೊಂಡು, ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಪ್ಲಟೀಯಾ ಯುದ್ಧಕ್ಕೆ ನುಗ್ಗುತ್ತಾನೆ, ಸಂಗೀತ ಏರುತ್ತದೆ. ಪ್ರೇಕ್ಷಕ ಅವನ ಜೊತೆಗೇ ನುಗ್ಗಬೇಕು, ಅಷ್ಟೇ.

‘90 ಪಾಲು ನಿಜ’ ಎಂಬ ಮಾತನ್ನು ಹೆಚ್ಚು ಚಪ್ಪಾಳೆ ಬಿದ್ದ ಎರಡು ದೃಶ್ಯಗಳ ಮೇಲೆ ಹಚ್ಚಿ ನೋಡಬೇಕು.

ಒಂದು, ಬಾವಿಯ ದೃಶ್ಯ. ಶರಣಾಗತಿಯ ಗುರುತಾಗಿ ಮಣ್ಣು, ನೀರು ಕೊಡಿ ಎಂದು ಪರ್ಷಿಯಾದ ದೂತ ಕೇಳುತ್ತಾನೆ. ‘ಇದು ಸ್ಪಾರ್ಟಾ!’ ಎಂದು ಅಬ್ಬರಿಸಿ ಲಿಯೊನಿಡಾಸ್ ಅವನನ್ನು ಬಾವಿಗೆ ಒದೆಯುತ್ತಾನೆ. ಈ ಒಂದು ಒದೆತದ ಮೇಲೆ ಹುಟ್ಟಿದ ಮೀಮ್‌ಗಳಿಗೆ ಇವತ್ತಿಗೂ ಕೊನೆಯಿಲ್ಲ. ಬಾವಿಯ ಕತೆ ಈ ಯುದ್ಧಗಳ ಚರಿತ್ರೆ ಬರೆದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನಲ್ಲಿ ಇದೆ. ಅದು ನಡೆದದ್ದು ಕ್ಸೆರ್ಕ್ಸೀಸ್‌ನ ತಂದೆ ಡೇರಿಯಸ್‌ನ ಕಾಲದಲ್ಲಿ. ಬಾವಿಯೊಳಗಿಂದಲೇ ಮಣ್ಣು, ನೀರು ತೆಗೆದುಕೊಳ್ಳಿ ಎಂದು ಸ್ಪಾರ್ಟಾದವರು ದೂತರನ್ನು ತಳ್ಳಿದರಂತೆ. ಹೆರೊಡೊಟಸ್ ಅಲ್ಲಿಗೆ ನಿಲ್ಲಿಸುವುದಿಲ್ಲ. ದೂತರನ್ನು ಕೊಂದ ಪಾಪ ಸ್ಪಾರ್ಟಾವನ್ನು ಕಾಡುತ್ತದೆ. ಬಲಿಯ ಶಕುನಗಳು ಸರಿಹೋಗುವುದೇ ಇಲ್ಲ. ಪ್ರಾಯಶ್ಚಿತ್ತಕ್ಕೆ ಪ್ರಾಣ ಕೊಡುವವರು ಯಾರು ಎಂದು ಸಭೆಯಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಸ್ಪರ್ಥಿಯಾಸ್, ಬುಲಿಸ್ ಎಂಬ ಇಬ್ಬರು ಒಳ್ಳೆಯ ಮನೆತನದವರು ಮುಂದೆ ಬರುತ್ತಾರೆ. ನಮ್ಮನ್ನು ಕೊಂದು ಲೆಕ್ಕ ಚುಕ್ತಾ ಮಾಡಿಕೊಳ್ಳಿ ಎಂದು ಕ್ಸೆರ್ಕ್ಸೀಸ್‌ನ ಮುಂದೆ ನಿಲ್ಲುತ್ತಾರೆ. ಅವನು ಕೊಲ್ಲುವುದಿಲ್ಲ. ದೂತರನ್ನು ಕೊಂದು ನೀವು ಮನುಷ್ಯಕುಲದ ಕಟ್ಟಳೆ ಮುರಿದಿರಿ, ನಾನು ಅದನ್ನೇ ಮಾಡಲಾರೆ ಎಂದು ಇಬ್ಬರನ್ನೂ ವಾಪಸ್ ಕಳಿಸುತ್ತಾನೆ. ಸಿನಿಮಾ ಒದೆತವನ್ನು ಇಟ್ಟುಕೊಂಡಿತು. ಉಳಿದದ್ದನ್ನು ಬಿಟ್ಟಿತು. ಆ ಉಳಿದದ್ದರಲ್ಲಿ ಸ್ಪಾರ್ಟಾದವರ ಧೈರ್ಯ ಒದೆತಕ್ಕಿಂತ ದೊಡ್ಡದು. ಆದರೆ ಅದನ್ನು ತೋರಿಸಿದರೆ ಕ್ಸೆರ್ಕ್ಸೀಸ್‌ಗೂ ಒಂದು ಮುಖ ಕೊಡಬೇಕಾಗುತ್ತಿತ್ತು.

ಇನ್ನೊಂದು, ಕಸುಬು ಕೇಳುವ ದೃಶ್ಯ. ಇಷ್ಟೇ ಜನ ತಂದಿದ್ದೀಯಾ ಎಂದು ಗ್ರೀಸಿನದೇ ಇನ್ನೊಂದು ಸೀಮೆಯಾದ ಆರ್ಕೇಡಿಯಾದ ನಾಯಕ ಆಡಿಕೊಂಡಾಗ ಲಿಯೊನಿಡಾಸ್ ಅವನ ಕಡೆಯವರ ಕಸುಬು ಕೇಳುತ್ತಾನೆ. ಒಬ್ಬ ಕುಂಬಾರ, ಒಬ್ಬ ಶಿಲ್ಪಿ, ಒಬ್ಬ ಕಮ್ಮಾರ. ಆಮೇಲೆ ತನ್ನವರ ಕಡೆ ತಿರುಗಿ ಅದೇ ಪ್ರಶ್ನೆ. ಮುನ್ನೂರು ಈಟಿಗಳು ಮೇಲೇಳುತ್ತವೆ, ಒಂದೇ ಘರ್ಜನೆ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಹೆಸರೂ ಸ್ಪಾರ್ಟನ್ಸ್. ಅವರ ಫುಟ್‌ಬಾಲ್ ಪಂದ್ಯಗಳಲ್ಲಿ ಇದೇ ಪ್ರಶ್ನೋತ್ತರ ಗ್ಯಾಲರಿಯ ಘೋಷಣೆಯಾಯಿತು. ಇಂಥ ಒಂದು ಪ್ರಸಂಗವನ್ನು ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕ್ ನಿಜಕ್ಕೂ ಬರೆದಿದ್ದಾನೆ. ಆದರೆ ಅದು ಲಿಯೊನಿಡಾಸ್‌ನದಲ್ಲ. ಸುಮಾರು ನೂರು ವರ್ಷ ಆಮೇಲೆ ಸ್ಪಾರ್ಟಾವನ್ನು ಆಳಿದ ಅಗೆಸಿಲಾಸ್‌ನದು. ಈ ಅಗೆಸಿಲಾಸ್‌ಗೆ ಒಂದು ಕಾಲು ಕುಂಟು.

ಇಲ್ಲಿ ಸ್ವಲ್ಪ ನಿಲ್ಲೋಣ. ಸಿನಿಮಾ ಶುರುವಾಗುವುದೇ ಹಸುಗೂಸಿನ ತಪಾಸಣೆಯಿಂದ. ಊನವಿದ್ದರೆ ಬಿಸಾಡುತ್ತಿದ್ದರು ಎಂದು ಹೆಮ್ಮೆಯ ದನಿಯಲ್ಲೇ ಹೇಳುತ್ತಾರೆ. ಕೆಳಗೆ ತಲೆಬುರುಡೆಗಳ ರಾಶಿ. ಗೂನು ಬೆನ್ನಿನ ಎಫಿಯಾಲ್ಟೀಸ್‌ನನ್ನು ಅವನ ತಂದೆ ತಾಯಿ ಸ್ಪಾರ್ಟಾ ಬಿಟ್ಟು ಓಡಿಹೋಗಿ ಸಾಕಿರುತ್ತಾರೆ. ಗುರಾಣಿ ಎತ್ತಲಾರೆ ಎಂದು ರಾಜ ಅವನನ್ನು ಪಡೆಗೆ ಸೇರಿಸುವುದಿಲ್ಲ. ಅವನು ಶತ್ರುವಿಗೆ ಗುಟ್ಟಿನ ದಾರಿ ತೋರಿಸುತ್ತಾನೆ. ಅಂದರೆ ಬಿಸಾಡಿದ್ದರೇ ಚೆನ್ನಾಗಿತ್ತು ಎಂಬ ಕಡೆಗೆ ಕತೆ ವಾಲುತ್ತದೆ. ಹೆರೊಡೊಟಸ್‌ನ ಎಫಿಯಾಲ್ಟೀಸ್ ಸ್ಪಾರ್ಟಾದವನೇ ಅಲ್ಲ. ಅದೇ ಸೀಮೆಯ ಒಬ್ಬ ಸ್ಥಳೀಯ, ದುಡ್ಡಿನ ಆಸೆಗೆ ಬಂದವನು. ಗೂನು ಕಾಮಿಕ್ಸ್ ಕೊಟ್ಟದ್ದು. ಮಕ್ಕಳನ್ನು ಬಿಸಾಡುತ್ತಿದ್ದರು ಎಂದು ಬರೆದ ಪ್ಲೂಟಾರ್ಕ್ ಈ ಯುದ್ಧವಾಗಿ 500 ವರ್ಷಕ್ಕೂ ಆಮೇಲಿನವನು. ಆ ಜಾಗ ಎಂದು ಹೇಳುವ ಕಂದರದಲ್ಲಿ ಸಿಕ್ಕ ಎಲುಬುಗಳು ದೊಡ್ಡವರವು, ಕೂಸುಗಳದ್ದಲ್ಲ ಎಂದು ಗ್ರೀಕ್ ಸಂಶೋಧಕರು ಹೇಳಿದ್ದೂ 2007ರಲ್ಲೇ. ಜನ ಎದೆ ತಟ್ಟಿಕೊಂಡ ಆ ಡೈಲಾಗಿನ ಹಿಂದೆ ಒಬ್ಬ ಕುಂಟ ರಾಜ ನಿಂತಿದ್ದಾನೆ. ಇರಾನಿನ ಗದ್ದಲದಲ್ಲಿ ಅಂಗವಿಕಲ ಪ್ರೇಕ್ಷಕರ ನೋವು ಅಷ್ಟಾಗಿ ಕೇಳಿಸಲೇ ಇಲ್ಲ.

ಅಂದ ಹಾಗೆ, ಆ ಕುಂಬಾರ ಕಮ್ಮಾರರು ಸಿನಿಮಾದಲ್ಲಿ ಕೊನೆಗೆ ಜಾಗ ಖಾಲಿ ಮಾಡುತ್ತಾರೆ. ಕ್ರಿ.ಪೂ. 480ರಲ್ಲಿ ನಡೆದದ್ದು ಬೇರೆ. ಥೆಸ್ಪಿಯಾ ಎಂಬ ಪುಟ್ಟ ಊರಿನ 700 ಜನ ಹೋಗುವುದಿಲ್ಲ ಎಂದು ಹಟ ಹಿಡಿದು ಅಲ್ಲೇ ಸತ್ತರು. ಯುದ್ಧವೇ ಕಸುಬಾದವರಲ್ಲ, ಹೊಲ ಮನೆ ಇದ್ದವರು. ಅವರಿಗೆ ಥರ್ಮೋಪಿಲೆಯಲ್ಲಿ ಸ್ಮಾರಕ ಬಂದದ್ದು 1997ರಲ್ಲಿ. ಲಿಯೊನಿಡಾಸ್‌ನ ಪ್ರತಿಮೆ 1955ರಿಂದಲೇ ಇದೆ. ಸ್ಪಾರ್ಟಾದವರಿಗೆ ಯುದ್ಧವೊಂದೇ ಕಸುಬಾಗಲು ಸಾಧ್ಯವಾದದ್ದೂ ಅವರ ಹೊಲ ಉಳಲು ಹೆಲಟ್ ಎಂಬ ಜೀತದಾಳುಗಳು ಇದ್ದದ್ದರಿಂದ. ಮರುವರ್ಷ ಪ್ಲಟೀಯಾಗೆ 5,000 ಸ್ಪಾರ್ಟನ್ನರ ಜೊತೆ ತಲೆಗೆ ಏಳರಂತೆ 35,000 ಹೆಲಟ್‌ಗಳು ಹೋಗಿದ್ದರು ಎಂದು ಹೆರೊಡೊಟಸ್ ಲೆಕ್ಕ ಕೊಡುತ್ತಾನೆ. ಸ್ವಾತಂತ್ರ್ಯದ ಬಗ್ಗೆ ಅಷ್ಟೊಂದು ಭಾಷಣ ಮಾಡುವ ಸಿನಿಮಾದಲ್ಲಿ ಹೆಲಟ್‌ಗಳ ಸುದ್ದಿಯೇ ಇಲ್ಲ.

ಕಾಮಿಕ್ಸ್ ಶೈಲಿಯಲ್ಲಿ ಶತ್ರು ಹೀಗೇ ಇರಬೇಕಲ್ಲವೇ ಎಂದು ಕೇಳಬಹುದು. ಇರಬೇಕಿಲ್ಲ. ನಮ್ಮ ಯಕ್ಷಗಾನದ ಬಣ್ಣದ ವೇಷ ನೋಡಿ. ಅದಕ್ಕಿಂತ ಶೈಲೀಕೃತ ರಾಕ್ಷಸ ಸಿಗಲಿಕ್ಕಿಲ್ಲ. ಆದರೂ ರಾವಣನಿಗೆ ಅವನದೇ ಒಡ್ಡೋಲಗ ಉಂಟು, ಅರ್ಥಗಾರಿಕೆ ಉಂಟು. ತನ್ನ ನ್ಯಾಯವನ್ನು ತಾನೇ ಮಂಡಿಸಿ ಸಭೆಯನ್ನು ಗೆಲ್ಲುವ ರಾವಣನೂ ಉಂಟು. ಮುಖಕ್ಕೆ ಬಣ್ಣ ಹಚ್ಚಿದ ಮಾತ್ರಕ್ಕೆ ಬಾಯಿ ಮುಚ್ಚಿಸಬೇಕಾಗಿಲ್ಲ.

ದೂರ ಯಾಕೆ, ಗ್ರೀಕರೇ ಇದನ್ನು ಮಾಡಿ ತೋರಿಸಿದ್ದರು. ಅಥೆನ್ಸ್‌ನ ನಾಟಕಕಾರ ಈಸ್ಕಿಲಸ್ ಮ್ಯಾರಥಾನ್ ಯುದ್ಧದಲ್ಲಿ ಪರ್ಷಿಯನ್ನರ ವಿರುದ್ಧ ಸ್ವತಃ ಕಾದಿದವನು. ಕ್ರಿ.ಪೂ. 480ರಲ್ಲಿ ಕ್ಸೆರ್ಕ್ಸೀಸ್‌ನ ಸೇನೆ ಅಥೆನ್ಸ್‌ಗೆ ಬೆಂಕಿ ಇಟ್ಟಿತು. ಎಂಟು ವರ್ಷದ ನಂತರ, ಕ್ರಿ.ಪೂ. 472ರಲ್ಲಿ, ಅದೇ ಅಥೆನ್ಸ್‌ನಲ್ಲಿ ಅವನು ‘ಪರ್ಷಿಯನ್ನರು’ ನಾಟಕ ಆಡಿಸಿದ. ಖರ್ಚು ಹೊತ್ತವನು ಮುಂದೆ ಅಥೆನ್ಸ್‌ನ ದೊಡ್ಡ ನಾಯಕನಾದ ಯುವಕ ಪೆರಿಕ್ಲಿಸ್. ಇಡೀ ನಾಟಕ ನಡೆಯುವುದು ಶತ್ರುವಿನ ಅರಮನೆಯಲ್ಲಿ. ರಾಜಮಾತೆ ಮಗನ ಸುದ್ದಿಗೆ ಕಾಯುತ್ತಾಳೆ. ದೂತ ಬಂದು ಸಲಾಮಿಸ್‌ನ ಸಮುದ್ರ ಕಾಳಗದಲ್ಲಿ ಸತ್ತವರ ಹೆಸರು ಒಂದೊಂದಾಗಿ ಹೇಳುತ್ತಾನೆ. ಕೊನೆಗೆ ಕ್ಸೆರ್ಕ್ಸೀಸ್ ಹರಿದ ಬಟ್ಟೆಯಲ್ಲಿ ಗೋಳಾಡುತ್ತ ಬರುತ್ತಾನೆ. ಗೆದ್ದ ಹೆಮ್ಮೆ ಅದರಲ್ಲಿ ಇಲ್ಲವೆಂದಲ್ಲ, ಧಾರಾಳವಾಗಿದೆ. ಆದರೆ ಮನೆ ಸುಟ್ಟುಕೊಂಡ ಜನ ಕೂತು ಶತ್ರುವಿನ ಅಳು ಕೇಳಿದರು. ಆ ನಾಟಕಕ್ಕೆ ಮೊದಲ ಬಹುಮಾನವನ್ನೂ ಕೊಟ್ಟರು. 2,500 ವರ್ಷ ಆಮೇಲೆ, ಪರ್ಷಿಯನ್ನರಿಂದ ಯಾವ ತೊಂದರೆಯನ್ನೂ ಕಾಣದ ಒಂದು ಸ್ಟುಡಿಯೊಗೆ ಅಷ್ಟು ಸಾಧ್ಯವಾಗಲಿಲ್ಲ.

ಹೆರೊಡೊಟಸ್ ಕ್ಸೆರ್ಕ್ಸೀಸ್‌ನ ಸೇನೆಯ ಒಂದೊಂದು ಜನಾಂಗವನ್ನೂ ಎಣಿಸುತ್ತಾನೆ. ಅದರಲ್ಲಿ ಭಾರತದವರೂ ಇದ್ದಾರೆ. ಹತ್ತಿಯ ಬಟ್ಟೆ, ಜೊಂಡಿನ ಬಿಲ್ಲು, ಕಬ್ಬಿಣದ ಮೊನೆಯ ಬಾಣ. ಪರದೆಯ ಮೇಲೆ ಸ್ಪಾರ್ಟಾದವರು ಕೊಚ್ಚಿ ಹಾಕುವ ಆ ‘ಏಷ್ಯಾದ ದಂಡಿ’ನಲ್ಲಿ ಸಿಂಧೂ ಕಡೆಯವರೂ ಸೇರುತ್ತಾರೆ ಎಂದಾಯಿತು. ಇದು ಗೊತ್ತಿಲ್ಲದೆ ನಾವೂ ಶಿಳ್ಳೆ ಹೊಡೆದಿದ್ದೇವೆ. ಗೊತ್ತಿದ್ದರೂ ಹೊಡೆಯುತ್ತಿದ್ದೆವು ಅನ್ನಿ.

ಸಿನಿಮಾ ಥಿಯೇಟರಿನಿಂದ ಹೋದ ಮೇಲೂ ಅದರ ಚಿಹ್ನೆಗಳು ತಮ್ಮ ಪಾಡಿಗೆ ಓಡಾಡಿದವು. ಕೆಲವು ನಿರುಪದ್ರವಿ. ನಟರನ್ನು ತಯಾರು ಮಾಡಿದ ಜಿಮ್‌ನ 300 ಎಣಿಕೆಯ ಕಸರತ್ತು ಜಗತ್ತಿನ ಜಿಮ್‌ಗಳಿಗೆಲ್ಲ ಹರಡಿತು. 25 ಪುಲ್-ಅಪ್‌ನಿಂದ ಶುರು, ಮತ್ತೆ 25 ಪುಲ್-ಅಪ್‌ನಿಂದ ಮುಕ್ತಾಯ, ನಡುವೆ ಐವತ್ತೈವತ್ತರ ಐದು ಸುತ್ತು. ಕೆಲವು ಹಾಗಲ್ಲ. ಯುರೋಪಿನ ವಲಸೆ ವಿರೋಧಿ ಐಡೆಂಟಿಟೇರಿಯನ್ ಗುಂಪುಗಳು ಸ್ಪಾರ್ಟಾ ಗುರಾಣಿಯ ಮೇಲಿನ ಲ್ಯಾಂಬ್ಡಾ (Λ) ಎಂಬ ಗ್ರೀಕ್ ಅಕ್ಷರವನ್ನೇ ಬಾವುಟ ಮಾಡಿಕೊಂಡವು. ಗ್ರೀಸಿನ ನವ-ನಾಝಿ ಪಕ್ಷ ಗೋಲ್ಡನ್ ಡಾನ್ ಥರ್ಮೋಪಿಲೆಯಲ್ಲಿ ಪಂಜಿನ ಸಭೆ ನಡೆಸುತ್ತಿತ್ತು. ಆಯುಧ ಕೆಳಗಿಡಿ ಎಂದಾಗ ಲಿಯೊನಿಡಾಸ್ ಕೊಟ್ಟನೆಂಬ ‘ಬಂದು ತಗೋ’ ಎಂಬ ಉತ್ತರ ಅಮೆರಿಕದ ಬಂದೂಕು ಪ್ರಿಯರ ಘೋಷಣೆ. 2021ರ ಜನವರಿ 6ರಂದು ವಾಷಿಂಗ್ಟನ್‌ನ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲೂ ಆ ಘೋಷಣೆ ಕಂಡಿತು. ಇದಕ್ಕೆಲ್ಲ ಸ್ನೈಡರ್ ಹೊಣೆ ಎನ್ನುವುದು ತಪ್ಪು. ಸ್ಪಾರ್ಟಾದ ಮೋಹ ಸಿನಿಮಾಕ್ಕಿಂತ ಬಹಳ ಹಳೆಯದು. ನಾಝಿಗಳಿಗೂ ಅದು ಇತ್ತು. ಸಿನಿಮಾ ಮಾಡಿದ್ದು ಆ ಮೋಹಕ್ಕೆ ಹೊಸ ಪೋಸ್ಟರ್ ಒದಗಿಸುವ ಕೆಲಸ. ತುಂಬ ಚಂದದ ಪೋಸ್ಟರ್, ಅದೇ ತೊಂದರೆ.

ಶಿರಸ್ತ್ರಾಣದ ಜಗಳ ನನಗೆ ಸಪ್ಪೆ ಅನ್ನಿಸುವುದು ಇದಕ್ಕೇ. ಚಡ್ಡಿಯ ಬದಲು ಕಂಚಿನ ಕವಚ ತೊಡಿಸಿದ್ದರೆ ‘300’ ಸರಿಯಾಗುತ್ತಿತ್ತೇ? ಇತಿಹಾಸದ ಮೇಷ್ಟ್ರುಗಳಿಗೆ ಸಮಾಧಾನ ಆಗುತ್ತಿತ್ತು, ಅಷ್ಟೇ. ಮುಖವಾಡದ ಒಳಗೆ ಅದೇ ರಾಕ್ಷಸ ಇರುತ್ತಿದ್ದ.

‘300’ರ ಹಿಂದಿನ ಕತೆಯನ್ನು ಟಿವಿ ಸರಣಿಯಾಗಿ ಮಾಡುವ ಮಾತುಕತೆ ನಡೆದಿದೆ ಎಂದು 2024ರಲ್ಲಿ ಸುದ್ದಿಯಾಗಿತ್ತು. ಅದು ಬಂದರೆ ಡೆಮರಾಟಸ್ ಅದರಲ್ಲಿ ಇರಲಿ ಎಂದು ನನ್ನ ಆಸೆ. ಅವನು ಸ್ಪಾರ್ಟಾದ ರಾಜನಾಗಿದ್ದವನು. ಪಿತೂರಿಯಿಂದ ಪಟ್ಟ ಕಳೆದುಕೊಂಡು ಪರ್ಷಿಯಾದ ಆಸ್ಥಾನ ಸೇರಿದ. ದಂಡಯಾತ್ರೆಯಲ್ಲಿ ಕ್ಸೆರ್ಕ್ಸೀಸ್‌ನ ಪಕ್ಕದಲ್ಲೇ ಇದ್ದ. ಸ್ಪಾರ್ಟಾದವರು ಸಾಯುವ ಮುನ್ನ ತಲೆ ಬಾಚಿಕೊಳ್ಳುತ್ತಾರೆ, ಹುಷಾರು ಎಂದು ಅವನಿಗೆ ಹೇಳಿದವನೇ ಇವನು. ದಂಡಯಾತ್ರೆಯ ಸುದ್ದಿಯನ್ನು ಮೊದಲೇ ಸ್ಪಾರ್ಟಾಕ್ಕೆ ಮುಟ್ಟಿಸಿದವನೂ ಇವನೇ. ಮರದ ಹಲಗೆಯ ಮೇಲೆ ಬರೆದು, ಮೇಲೆ ಮೇಣ ಮೆತ್ತಿ ಕಳಿಸಿದ. ಖಾಲಿ ಮೇಣದ ಹಲಗೆ ನೋಡಿ ಸ್ಪಾರ್ಟಾದವರಿಗೆ ತಲೆಬುಡ ಗೊತ್ತಾಗಲಿಲ್ಲ. ಕೆರೆದು ನೋಡಿ ಎಂದವಳು ಲಿಯೊನಿಡಾಸ್‌ನ ಹೆಂಡತಿ ಗೋರ್ಗೊ. ಸಿನಿಮಾ ಗೋರ್ಗೊಗೆ ಕಾಮಿಕ್ಸ್‌ನಲ್ಲಿ ಇಲ್ಲದ ಒಂದು ಉಪಕತೆಯನ್ನೇ ಹೊಸೆದು ಕೊಟ್ಟಿತು. ಈ ಹಲಗೆಯನ್ನು ಮಾತ್ರ ಮುಟ್ಟಲಿಲ್ಲ. ಡೆಮರಾಟಸ್ ಅದನ್ನು ಕಳಿಸಿದ್ದು ತವರಿನ ಪ್ರೀತಿಗೋ, ಈಗ ಅನುಭವಿಸಿ ಎಂದು ಹಂಗಿಸಲೋ ಎಂಬುದನ್ನು ಹೆರೊಡೊಟಸ್ ಓದುಗರಿಗೇ ಬಿಟ್ಟಿದ್ದಾನೆ.